ಬಾಲ ಹಿಡಿದವನು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ಅಲ್ಲಿ ನಾನು ಮರದ ಪ್ಯಾಟರ್ನ್ ಮಾಡುತ್ತೇನೆ. ಪ್ಯಾಟರ್ನ್ ಎಂದರೆ ಎರಕದ ಕಾರ್ಖಾನೆಯವರಿಗೆ ಬೇಕಾಗುವ ಮಾದರಿ. ಪಂಪಿನ ಹೊಟ್ಟೆ, ವಾಲ್ವಿನ ಕುತ್ತಿಗೆ, ಗೇರ್ ಪೆಟ್ಟಿಗೆಯ ಮುಚ್ಚಳ, ಯಾವುದೇ ಇರಲಿ, ಮೊದಲು ಅದು ಮರದಲ್ಲಿ ಹುಟ್ಟಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ, ಮೆಲ್ಲಗೆ ತೆಗೆದು, ಉಳಿದ ಗುಳಿಗೆ ಕಾದ ಕಬ್ಬಿಣ ಸುರಿಯುತ್ತಾರೆ. ಕಬ್ಬಿಣ ಊರೂರಿಗೆ ಹೋಗುತ್ತದೆ. ಮರ ಯಾವುದೋ ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತದೆ. ಅರ್ಧ ಆಯುಷ್ಯ ಇದನ್ನೇ ಮಾಡಿದ ಮನುಷ್ಯನಿಗೆ, ಒಮ್ಮೆಯಾದರೂ ತಾನು ಕೆತ್ತಿದ ಮರವೇ ಕೊನೆಯ ವಸ್ತುವಾಗಬೇಕು, ಅದರಲ್ಲಿ ತಾನೇ ಕೂರಬೇಕು ಎನಿಸಿದರೆ ಅದು ಹುಚ್ಚಲ್ಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಹೆಂಡತಿ ಅದನ್ನು ಹುಚ್ಚು ಎಂದೇ ಕರೆದಳು. ಆದರೆ ಬೇಡ ಎನ್ನಲಿಲ್ಲ.

ನಮ್ಮ ರಸ್ತೆಯಲ್ಲೇ ಮುಂದೆ ವಿಮಾನ ನಿಲ್ದಾಣವಿದೆ. ದೊಡ್ಡ ವಿಮಾನ ಇಳಿಯುವಾಗ ಶೆಡ್ಡಿನ ತಗಡು ಗುಂಯ್ ಎನ್ನುತ್ತದೆ. ನನಗೆ ಆಸೆ ಹುಟ್ಟಿದ್ದು ಅವುಗಳನ್ನು ನೋಡಿ ಅಲ್ಲ. ಅವುಗಳಲ್ಲಿ ಒಂದೆರಡು ಸಲ ಕೂತಿದ್ದೇನೆ. ಕಿಟಕಿ ತೆರೆಯಲು ಬಾರದ ಬಸ್ಸು, ಅಷ್ಟೆ. ನಾನು ಕಟ್ಟಲು ಹೊರಟದ್ದು ಮರದ್ದು, ಬಟ್ಟೆ ಹೊದಿಸಿದ್ದು, ತಲೆಯ ಮೇಲೆ ಮುಚ್ಚಳವಿಲ್ಲದ್ದು. ಎದೆಯವರೆಗೆ ಒಳಗೆ, ಅಲ್ಲಿಂದ ಮೇಲೆ ಗಾಳಿಯಲ್ಲಿ. ಹೊರದೇಶದಿಂದ ತರಿಸಿದ ನಕ್ಷೆಯಲ್ಲಿ ಅದಕ್ಕೆ ಒಂದೇ ಸೀಟು. ನಕ್ಷೆ ಬಂದ ದಿನವೇ ಹೆಂಡತಿ ಆ ಸೀಟಿನ ಮೇಲೆ ಬೆರಳಿಟ್ಟು, ಇದರಲ್ಲಿ ನಾನೆಲ್ಲಿ ಕೂರಲಿ ಎಂದು ಕೇಳಿದಳು. ನಾನು ನಕ್ಕೆ. ಅವಳು ಮತ್ತೆ ಕೇಳಲಿಲ್ಲ. ಆದರೆ ಪ್ರಶ್ನೆ ಶೆಡ್ಡಿನಲ್ಲೇ ಎಲ್ಲೋ ಉಳಿದುಕೊಂಡಿತು.

ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವರು ಬಾಯಿ ಮುಚ್ಚಿಕೊಂಡು ಇರುವ ಪೈಕಿ ಅಲ್ಲ. ನಾಲ್ಕು ಜನ ಚಹಾ ಕುಡಿಯುತ್ತ ನಿಂತಿದ್ದಾಗ ಅವರು, "ಇಷ್ಟ ದಿನಾ ರೈಲು ಬಿಡತಿದ್ರಿ. ಈಗ ವಿಮಾನ ಬಿಡಾಕತ್ತೀರಿ ಅಂದ್ರ ಬಡ್ತಿ ಆತು ಬಿಡ್ರಿ," ಎಂದು ನನ್ನ ಮಾನ ಹರಾಜು ಹಾಕಿದರು. ನಮ್ಮ ಕಡೆ ರೈಲು ಬಿಡುವುದೆಂದರೆ ಸುಳ್ಳು ಹೊಡೆಯುವುದು. ಹಾಗೆ ನೋಡಿದರೆ ನಾವು ಏನನ್ನು ತಾನೇ ಬಿಡುವುದಿಲ್ಲ? ಬಸ್ಸು ಬಿಡುತ್ತೇವೆ, ಗಾಳಿಪಟ ಬಿಡುತ್ತೇವೆ, ಚಹಾ ಬಿಡುತ್ತೇವೆ, ಹಟ ಬಿಡುತ್ತೇವೆ, ಹಿಡಿದ ಕೈ ಬಿಡುತ್ತೇವೆ. ಹೊರಡಿಸುವುದಕ್ಕೂ ಅದೇ ಶಬ್ದ, ನಿಲ್ಲಿಸುವುದಕ್ಕೂ ಅದೇ ಶಬ್ದ. ನಮ್ಮ ಸಂಸಾರ ಇದೊಂದು ಶಬ್ದದ ಮೇಲೆ ನಡೆದಿದೆ ಎಂದರೂ ನಡೆದೀತು. ನನ್ನ ಹೆಂಡತಿ ಯಾವ ವಾದವನ್ನೂ ಸೋತು ಮುಗಿಸಿದವಳಲ್ಲ, ಗೆದ್ದು ಮುಗಿಸಿದವಳೂ ಅಲ್ಲ. "ಬಿಡ್ರಿ" ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಅವಳು ಒಪ್ಪಿದಳೋ, ಸೋತಳೋ, ಅಥವಾ ನನ್ನ ಮಾತನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲವೋ ಎನ್ನುವುದನ್ನು ಧ್ವನಿಯಿಂದ ತಿಳಿಯಬೇಕು. ಆ ವಿಷಯದಲ್ಲಿ ನನ್ನ ಕಿವಿ ಅಷ್ಟು ಚುರುಕಲ್ಲ.

ಅವಳು ವಿದ್ಯಾನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಸೂಜಿ ಕಂಡರೆ ಅಳುವ ಮಕ್ಕಳನ್ನೂ, ಅಳುವುದಿಲ್ಲ ಎಂದು ಹೇಳಿಕೊಂಡು ಬೆವರುವ ಗಂಡಸರನ್ನೂ ಅವಳ ಹತ್ತಿರವೇ ಕಳಿಸುತ್ತಾರೆ. ಸಂಜೆ ಡ್ಯೂಟಿ ಮುಗಿಸಿ ಸ್ಕೂಟರ್ ಮೇಲೆ ನೇರ ಶೆಡ್ಡಿಗೆ ಬರುತ್ತಿದ್ದಳು. ಮೊದಮೊದಲು ಊಟದ ಖಾಲಿ ಡಬ್ಬಿ ಒಯ್ಯಲು, ಆಮೇಲೆ ಏನಾಗಿದೆ ನೋಡಲು, ಕೊನೆಕೊನೆಗೆ ಕೆಲಸ ಮಾಡಲು.

ಮೊದಲ ತಪ್ಪನ್ನು ಹಿಡಿದವಳೂ ಅವಳೇ. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಅದಕ್ಕೆಂದು ಪ್ಯಾಟರ್ನ್ ಮಾಡುವವರು ಮರವನ್ನು ಮೊದಲೇ ತುಸು ದೊಡ್ಡದು ಮಾಡುತ್ತಾರೆ. ಲೆಕ್ಕ ಹಾಕುವ ತಲೆನೋವು ಬೇಡವೆಂದು ನಮ್ಮಲ್ಲಿ ಬೇರೆಯೇ ಒಂದು ಅಳತೆಪಟ್ಟಿ ಇರುತ್ತದೆ. ಅದರ ಮೇಲಿನ ಗೆರೆಗಳೇ ಹಿಗ್ಗಿದ ಗೆರೆಗಳು; ಗಜಕ್ಕೆ ಅರ್ಧ ಬೆರಳಿನಷ್ಟು ಹೆಚ್ಚು. ನನ್ನ ಕೈ ಇಷ್ಟು ವರ್ಷ ಎತ್ತಿಕೊಂಡದ್ದು ಅದನ್ನೇ. ವಿಮಾನದ ರೆಕ್ಕೆಯ ಪಕ್ಕೆಲುಬುಗಳನ್ನೂ ಅದೇ ಪಟ್ಟಿ ಹಿಡಿದು ಗುರುತು ಮಾಡಿ, ಕೊಯ್ದು, ಉಜ್ಜಿ, ಸಾಲಾಗಿ ಗೋಡೆಗೆ ಒರಗಿಸಿದೆ. ಮಳೆಗಾಲ ಪೂರ್ತಿ ಅದಕ್ಕೇ ಹೋಯಿತು. ಒಂದು ಸಂಜೆ ಅವಳು ಮನೆಯಿಂದ ತಂದ ಹೊಲಿಗೆಯ ಟೇಪನ್ನು ಸುಮ್ಮನೆ ಒಂದು ಪಕ್ಕೆಲುಬಿನ ಮೇಲೆ ಹಿಡಿದು, ನಕ್ಷೆ ನೋಡಿ, ಮತ್ತೆ ಹಿಡಿದು, ಇದು ಕುಗ್ಗಿದ ಮೇಲೆ ಸರಿಯಾಗುತ್ತದೆಯೇ ಎಂದು ಕೇಳಿದಳು. ಕುಗ್ಗಲು ಅದೇನು ಕಬ್ಬಿಣವೇ? ಇಂಥ ತಪ್ಪನ್ನು ಪ್ಯಾಟರ್ನ್ ಮಾಡುವವನಲ್ಲದೆ ಬೇರೆ ಯಾವ ಮನುಷ್ಯನೂ ಮಾಡಲಾರ. ನಾನು ಆ ರಾಶಿಯನ್ನೆಲ್ಲ ಒಲೆಗೆ ಕಳಿಸಿ, ಹಿಗ್ಗಿದ ಪಟ್ಟಿಯನ್ನು ಮೊಳೆಗೆ ನೇತುಹಾಕಿ, ಮೊದಲಿನಿಂದ ಶುರು ಮಾಡಿದೆ. ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಪರವಾನಗಿಯ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಆ ಶಬ್ದ ಕೇಳಿದರೆ ನನಗೆ ಈಗಲೂ ಹಲ್ಲು ಜುಮ್ಮೆನ್ನುತ್ತದೆ. ಕಾಗದಗಳು ಹೋದವು, ಬಂದವು, ತನಿಖೆಗೆ ಜನ ಬಂದರು, ಹೋದರು, ಕೊನೆಗೆ ಎಲ್ಲ ಆಯಿತು ಎಂದಿಷ್ಟೇ ತಿಳಿದರೆ ಸಾಕು.

ರೆಕ್ಕೆಗೆ ಬಟ್ಟೆ ಹೊದಿಸುವ ಕೆಲಸ ಮಾತ್ರ ಅವಳಿಲ್ಲದೆ ಆಗುತ್ತಿರಲಿಲ್ಲ. ಮರದ ಹಂದರದ ಮೇಲೆ ಬಟ್ಟೆ ಅಂಟಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸಿದರೆ ಅದು ಬಿಗಿಯಾಗುತ್ತದೆ. ಆಮೇಲೆ ಪ್ರತಿ ಪಕ್ಕೆಲುಬಿಗೂ ಬಟ್ಟೆಯನ್ನು ಮೇಣ ಸವರಿದ ದಾರದಿಂದ ಹೊಲಿಯಬೇಕು. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಅಂಗೈಗಿಂತ ಉದ್ದದ ಸೂಜಿ ಅವಳ ಕಡೆಯಿಂದ ತೂರಿ ನನ್ನ ಕಡೆ ಬರುತ್ತದೆ. ನಾನು ಎಳೆದು, ಒಂದು ಬೆರಳು ಪಕ್ಕಕ್ಕೆ ಮತ್ತೆ ಅವಳ ಕಡೆಗೆ ತೂರಿಸುತ್ತೇನೆ. ನಡುವೆ ರೆಕ್ಕೆ ಇರುವುದರಿಂದ ಮುಖ ಕಾಣುವುದಿಲ್ಲ. ನಾವು ಅಷ್ಟು ಹೊತ್ತು ಜಗಳವಾಡದೆ ಮಾತಾಡಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಅವಳ ತವರಿನಲ್ಲಿ ಕೌದಿ ಹೊಲಿಯುವ ರೂಢಿ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹರಡಿ, ಹೊದೆಯುವ ಕೌದಿ ಮಾಡುತ್ತಾರೆ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಬರಿದಾಗಿರಬಾರದಂತೆ. ಎಡ ರೆಕ್ಕೆಯ ತುದಿಯಲ್ಲಿ ಅವಳ ಕಡೆ ಉಳಿದಿದ್ದ ಬಾಯಿ ಮುಚ್ಚುವ ಕೊನೆಯ ಹೊಲಿಗೆಗೆ ಬಂದಾಗ ಅವಳು ಆ ಕಡೆಯಿಂದ, ಒಂದು ಚೂರು ಖಡಕ್ ರೊಟ್ಟಿ ಇಡಬೇಕು ಎಂದಳು. ನಾನು ಇರುವೆ, ಇಲಿ, ತೂಕ, ಸಮತೋಲ ಎಂದು ದೊಡ್ಡ ಭಾಷಣ ಮಾಡಿದೆ. ಇದು ವಿಮಾನ, ಹಾಸಿಗೆಯಲ್ಲ ಎಂದೂ ಹೇಳಿದೆ. ರೆಕ್ಕೆಯ ಆ ಕಡೆ ಏನೋ ಸರಸರ ಎಂದಿತು.

"ಆತು, ಬಿಡ್ರಿ," ಎಂದಳು.

ಸೂಜಿ ನನ್ನ ಕಡೆಗೆ ಬಂತು. ನಾನು ಎಳೆದು ಗಂಟು ಹಾಕಿದೆ. ಇಷ್ಟು ಸುಲಭಕ್ಕೆ ಒಪ್ಪಿಕೊಂಡಳಲ್ಲ ಎಂದು ಒಳಗೊಳಗೇ ಬೀಗಿದೆ.

ಆ ಹೊತ್ತಿಗೆ ಹಾರುವುದನ್ನು ಕಲಿಯುವುದೂ ಶುರುವಾಗಿತ್ತು. ಸಪ್ತಾಪುರದಲ್ಲಿ ಮನೆ ಮಾಡಿಕೊಂಡಿರುವ ಒಬ್ಬರು ಸೈನ್ಯದಲ್ಲಿ ವಿಮಾನ ಹಾರಿಸಿ ನಿವೃತ್ತರಾದವರು. ಈ ಕಡೆಯವರೇ. ನವಲಗುಂದದ ದಾರಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಎರೆಹೊಲದ ನಡುವೆ ಗರಸು, ಅಂದರೆ ಕೆಂಪು ಜಲ್ಲಿಮಣ್ಣು, ಬಡಿದು ಮಾಡಿದ ಸಣ್ಣ ರನ್‌ವೇ ಇದೆ. ಅಲ್ಲಿ ಅವರು ತಮ್ಮ ಎರಡು ಸೀಟಿನ ವಿಮಾನದಲ್ಲಿ ಕಲಿಸುತ್ತಾರೆ. ನಾವು ಅವರನ್ನು ಗುರುಗಳು ಎಂದೇ ಕರೆದೆವು. ಕಲಿಯಲು ಹೆಸರು ಕೊಟ್ಟವನು ನಾನು. ಹೆಂಡತಿ ರಜೆಯ ದಿನ ಜೊತೆಗೆ ಬರುತ್ತಿದ್ದಳು, ಬೇವಿನ ನೆರಳಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ಗುರುಗಳು, ಸುಮ್ಮನೆ ಕೂತು ಏನು ಮಾಡುತ್ತೀರಿ, ನೀವೂ ಬನ್ನಿ ಎಂದು ಕರೆದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಮುಂದಿನ ವಾರ ಚೂಡಿದಾರ ಹಾಕಿಕೊಂಡು ಬಂದಳು. ಆಮೇಲೆ ಅವಳೂ ಹೆಸರು ಕೊಟ್ಟಳು. ಸಂಸಾರದಲ್ಲಿ ಇಬ್ಬರು ಕಲಿತರೇನು ತಪ್ಪು ಎಂದು ನಾನೂ ದೊಡ್ಡ ಮನಸ್ಸು ಮಾಡಿದೆ. ಸೀಟು ಒಂದೇ ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಅದು ಯಾರದು ಎನ್ನುವುದೂ ಗೊತ್ತಿತ್ತು.

ವಿಮಾನ ಶೆಡ್ಡಿನಲ್ಲಿ ಮುಗಿಯಿತು. ರೆಕ್ಕೆ ಬಿಚ್ಚಿ, ಲಾರಿಯ ಮೇಲೆ ಹೇರಿ, ಗರಸಿನ ರನ್‌ವೇಗೆ ತಂದು, ಅಲ್ಲಿನ ತಗಡಿನ ಚಪ್ಪರದಲ್ಲಿ ಮತ್ತೆ ಜೋಡಿಸಿದೆವು. ಮೊದಲು ನೆಲದ ಮೇಲೆ ಓಡಿಸಿ ಅಭ್ಯಾಸ ಮಾಡಬೇಕು, ಹಾರುವ ಮಾತು ಆಮೇಲೆ ಎಂದು ಗುರುಗಳ ಕಟ್ಟಪ್ಪಣೆ. ಈ ಜಾತಿಯ ವಿಮಾನಕ್ಕೆ ಬ್ರೇಕ್ ಇರುವುದಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಒಬ್ಬರು ಹಿಂದೆ ಬಾಲ ಹಿಡಿದು ನಿಂತಿರಬೇಕು. ಕೂತವರು ಸಿದ್ಧ ಎಂದಾಗ ಹಿಂದಿನವರು ಬಾಲ ಬಿಡಬೇಕು. ಕೂರುವವನು ನಾನು, ಬಾಲ ಹಿಡಿಯುವವಳು ಅವಳು. ಒಂದಷ್ಟು ದಿನ ಹೀಗೇ ಓಡಿಸಿದೆ. ಓಡುವಾಗ ಗಾಳಿ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಅಷ್ಟು ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಆಷಾಢದ ಒಂದು ಬೆಳಿಗ್ಗೆ ಹೀಗೇ ಕೂತಿದ್ದೆ. ಎಂಜಿನ್ ಮೆಲ್ಲಗೆ ಓಡುತ್ತಿತ್ತು. ಗುರುಗಳು ಚಪ್ಪರದ ಹತ್ತಿರ ಯಾರೊಡನೆಯೋ ಮಾತಾಡುತ್ತಿದ್ದರು. ಹಿಂದಿನಿಂದ ಹೆಂಡತಿ ಏನೋ ಹೇಳಿದಳು. ಎಂಜಿನ್ನಿನ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯ ಶಬ್ದ ಒಂದೇ.

"ಬಿಡ್ರಿ!"

ನಾನು ಬಿಟ್ಟೆ. ಅಂದರೆ, ಎಂಜಿನ್ನಿಗೆ ರೇಸ್ ಕೊಟ್ಟೆ. ಗಾಡಿ ಬಿಡಿ ಎಂದಳೆಂದೇ ತಿಳಿದೆ, ಇನ್ನೇನು ತಿಳಿಯಬೇಕಿತ್ತು? ಅವಳು ಹೇಳಿದ್ದು, ಗಾಳಿ ಎದ್ದಿದೆ, ಇವತ್ತು ಬೇಡ, ಬಿಡ್ರಿ ಎಂದು. ವಿಮಾನ ನೆಗೆದು ಓಡಿತು. ಅವಳ ಕೈಯಿಂದ ಬಾಲ ಕಿತ್ತುಕೊಂಡಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಅಡ್ಡಗಾಳಿ ಬಂದು ಬಾಲವನ್ನು ಒಂದು ಕಡೆಗೆ ನೂಕಿತು. ನಾನು ಪೆಡಲ್ ತುಳಿದೆ, ತುಳಿದದ್ದು ಹೆಚ್ಚಾಯಿತು, ತಿರುಗಿ ತುಳಿದೆ, ಅದೂ ಹೆಚ್ಚಾಯಿತು. ವಿಮಾನ ಗರಸು ಬಿಟ್ಟು ಹೊಲಕ್ಕಿಳಿಯಿತು. ಮಳೆ ಕುಡಿದ ಎರೆಮಣ್ಣು ಚಕ್ರಗಳನ್ನು ಹಿಡಿದುಕೊಂಡಿತು, ಬಾಲ ಮೇಲೆದ್ದಿತು, ಮೂಗು ಮಣ್ಣಿಗೆ ಹೊಕ್ಕಿತು. ಪ್ರೊಪೆಲ್ಲರ್ ಚೂರಾಯಿತು. ಎಡ ರೆಕ್ಕೆಯ ತುದಿ ಹರಿಯಿತು. ನಾನು ಬೆಲ್ಟಿನಲ್ಲಿ ಜೋತಾಡುತ್ತ ಮಣ್ಣಿನ ವಾಸನೆ ನೋಡುತ್ತಿದ್ದೆ. ನನಗೆ ಗಲ್ಲ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಅವಳು ಓಡಿ ಬಂದಳು. ಎರೆಮಣ್ಣಿನಲ್ಲಿ ಒಂದು ಚಪ್ಪಲಿ ಕಳೆದಿತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೈಕಾಲು ಮುಟ್ಟಿ ನೋಡಿ, ಎಲ್ಲ ಇದ್ದದ್ದು ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಶುರು ಮಾಡಿದಳು.

"ನಾ ಬಿಡ್ರಿ ಅಂದ್ನಿ."

"ಅದಕ್ಕ ಬಿಟ್ನಿ," ಎಂದೆ.

ಗುರುಗಳು ನಡುವೆ ಬರದಿದ್ದರೆ ನಾವು ಇನ್ನೂ ಅಲ್ಲೇ ನಿಂತಿರುತ್ತಿದ್ದೆವೇನೋ. ಅವರು ಇಬ್ಬರ ಮಾತನ್ನೂ ಕೇಳಿ, ಇನ್ನು ಮುಂದೆ ಈ ರನ್‌ವೇಯ ಮೇಲೆ ಯಾರೂ ಆ ಶಬ್ದ ಆಡಕೂಡದು ಎಂದು ಕಾಯ್ದೆ ಮಾಡಿದರು. ಹಾಗಾದರೆ ಹೊರಡುವಾಗ 'ಹೋಗ್ಲಿ' ಎನ್ನೋಣ ಎಂದು ನಾನು ಸೂಚಿಸಿದೆ. ಹೆಂಡತಿಗೆ ಅಂಥ ಹೊತ್ತಿನಲ್ಲೂ ನಗು ಬಂತು. 'ಹೋಗ್ಲಿ' ಎಂದರೆ ಹೊರಡಲಿ ಎಂದೂ ಆಗುತ್ತದೆ, ಹಾಳಾಗಿ ಹೋಗಲಿ, ಈಗ ಬೇಡ ಎಂದೂ ಆಗುತ್ತದೆ. ನಮ್ಮ ಭಾಷೆಯನ್ನು ನಂಬಿ ವಿಮಾನ ಹಾರಿಸುವುದು ಕಷ್ಟವೆಂದು ಗುರುಗಳು ಕೈಸನ್ನೆ ಗೊತ್ತು ಮಾಡಿದರು. ಕೂತವರು ಎಡಗೈ ಎತ್ತಿದರೆ ಬಾಲ ಹಿಡಿದವರು ಕೈ ತೆಗೆಯಬೇಕು. ಮಾತು ಬೇಡ.

ಹರಿದ ರೆಕ್ಕೆಯ ತುದಿಯನ್ನು ಬಿಚ್ಚಿದಾಗ ಒಳಗೆ, ಕೊನೆಯ ಹೊಲಿಗೆಯ ಹಿಂದೆ, ಅವಳ ಹಳೆಯ ಇಳಕಲ್ಲು ಸೀರೆಯ ಚೂರಿನಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿ ನೋಡಿದೆ. ಹೆಬ್ಬೆರಳಷ್ಟು ಖಡಕ್ ರೊಟ್ಟಿ. ಇರುವೆಯೂ ಮುಟ್ಟಿರಲಿಲ್ಲ. ಅವತ್ತು ರೆಕ್ಕೆಯ ಆಚೆಯಿಂದ ಅವಳು 'ಬಿಡ್ರಿ' ಎಂದದ್ದು ಯಾವ ಅರ್ಥದಲ್ಲಿ ಎಂದು ಆಗ ತಿಳಿಯಿತು. ನಾನು ಅವಳನ್ನು ಕೇಳಲಿಲ್ಲ. ಹೊಸ ಬಟ್ಟೆ ಹೊದಿಸಿ ಹೊಲಿಯುವಾಗ ಗಂಟನ್ನು ಮೊದಲು ಇದ್ದ ಜಾಗದಲ್ಲೇ ಇಟ್ಟೆ. ಒಮ್ಮೆ ಮಣ್ಣಿಗೆ ಮುಗ್ಗರಿಸಿದ ವಿಮಾನಕ್ಕೆ ಹೊಟ್ಟೆ ಬೇರೆ ಖಾಲಿ ಮಾಡುವುದು ಯಾಕೆ?

ರಿಪೇರಿ ನಡೆದಷ್ಟು ದಿನ ಗುರುಗಳ ವಿಮಾನದಲ್ಲಿ ಪಾಠ ಮುಂದುವರಿಯಿತು. ಮೇಲೇಳುವುದು ನನಗೆ ಬರುತ್ತಿತ್ತು. ಮೇಲೆ ಇರುವುದೂ ಬರುತ್ತಿತ್ತು. ಇಳಿಸುವುದು ಬರುತ್ತಿರಲಿಲ್ಲ. ಒಮ್ಮೆ ನೆಲಕ್ಕಿಂತ ಆಳೆತ್ತರದಲ್ಲೇ ಇಳಿದೆನೆಂದು ತಿಳಿದು ವಿಮಾನವನ್ನು ಧೊಪ್ಪೆಂದು ಹಾಕುತ್ತಿದ್ದೆ. ಇನ್ನೊಮ್ಮೆ ನೆಲ ಇನ್ನೂ ದೂರ ಇದೆ ಎನ್ನುತ್ತಿರುವಾಗಲೇ ಚಕ್ರ ಬಡಿದು ಕುಪ್ಪಳಿಸುತ್ತಿತ್ತು. ನನ್ನ ನಂತರ ಅವಳ ಸರದಿ. ಅವಳು ಇಳಿಸಿದಾಗ ಚಕ್ರ ನೆಲ ಮುಟ್ಟಿದ್ದು ಧೂಳಿನಿಂದ ಮಾತ್ರ ಗೊತ್ತಾಗುತ್ತಿತ್ತು. ಲ್ಯಾಬಿನಲ್ಲಿ ಅವಳು ಸೂಜಿ ಚುಚ್ಚಿದ್ದು ರೋಗಿಗೆ ತಿಳಿಯುವುದಿಲ್ಲ ಎನ್ನುತ್ತಾರೆ. ನೆಲಕ್ಕೂ ಹಾಗೇ ಆಗುತ್ತಿತ್ತು.

ದಸರೆ ಮುಗಿದ ಮೇಲೆ ಒಂದು ದಿನ ಗುರುಗಳು ನನ್ನೊಬ್ಬನನ್ನೇ ಚಪ್ಪರದ ಹಿಂದಕ್ಕೆ ಕರೆದುಕೊಂಡು ಹೋದರು. ಅವರಿಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ.

"ನೋಡ್ರಿ, ನೀವು ಕಟ್ಟಿದ್ದರಾಗ ನಾ ಒಂದು ಮೊಳೀನೂ ತಪ್ಪು ಹಿಡಿಯಂಗಿಲ್ಲ," ಎಂದರು. "ಆದ್ರ ನೀವು ನೆಲಾ ಅಳೀತೀರಿ. ಅಳಿಯೂದರಾಗ ನೆಲಾ ಬಂದುಬಿಡತೈತಿ. ನಿಮ್ಮ ಮನಿಯವರು ಅಳಿಯೂದಿಲ್ಲ. ಇಳೀತಾರ."

ಇನ್ನೂ ಕಲಿಯುತ್ತೇನೆ ಎಂದೆ. ಕಲಿಯಿರಿ, ನನ್ನ ವಿಮಾನದಲ್ಲಿ ನಾನು ಪಕ್ಕದಲ್ಲಿ ಕೂತಿರುವಾಗ ಎಷ್ಟು ಬೇಕಾದರೂ ಹಾರಿ ಎಂದರು. ಆದರೆ ಒಂದು ಸೀಟಿನದರಲ್ಲಿ ಒಬ್ಬನೇ ಹಾರಲು ತಾವು ಸಹಿ ಹಾಕುವುದಿಲ್ಲ, ಹಾಕಿದರೆ ಅವಳ ಹೆಸರಿಗೇ ಎಂದರು. ನಾನು ತಲೆಯಾಡಿಸಿ ಬಂದೆ. ದಾರಿಯಲ್ಲಿ ಅವಳು ಏನಂತೆ ಎಂದು ಕೇಳಿದಳು. ಹೇಳಿದೆ. ಅವಳು ನವಲಗುಂದದ ದಾರಿಯ ಆ ಬದಿ ಈ ಬದಿ ನೋಡುತ್ತ ಕೂತಳು. ಹುಬ್ಬಳ್ಳಿಯ ದೀಪ ಕಾಣುವಾಗ, ಯಾರೂ ಹಾರಿಸುವುದು ಬೇಡ, ಚಪ್ಪರದಲ್ಲೇ ಇರಲಿ, ಆಗಾಗ ನೆಲದ ಮೇಲೆ ಓಡಿಸಿದರಾಯಿತು ಎಂದಳು. ಅವಳು ಅದನ್ನು ಮನಸ್ಸಿನಿಂದ ಹೇಳಲಿಲ್ಲ ಎನ್ನುವಷ್ಟು ನನ್ನ ಕಿವಿಗೂ ತಿಳಿಯಿತು.

ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಮರ್ಯಾದೆಯ ಶಬ್ದ ಹುಡುಕುವುದು ಬೇಡ. ನಾನು ಮಾಡಿದ್ದೆಲ್ಲ ಮರಳಿನಲ್ಲಿ ಒತ್ತಿಸಿಕೊಂಡು ಇನ್ನೊಬ್ಬರ ಕಬ್ಬಿಣವಾಗುತ್ತಿತ್ತು. ಇದೊಂದು ನನ್ನದಾಗಲಿ ಎಂದುಕೊಂಡರೆ ಇದೂ ಅದೇ ದಾರಿ ಹಿಡಿಯಿತು. ಕೆಲವು ವಾರ ನಾನು ನವಲಗುಂದದ ದಾರಿ ತುಳಿಯಲಿಲ್ಲ. ಪಂಪಿನ ಹೊಟ್ಟೆಗಳನ್ನು ಕೆತ್ತುತ್ತ ಕೂತೆ. ವೆಲ್ಡಿಂಗಿನವರು ವಿಮಾನ ಎಲ್ಲಿಯವರೆಗೆ ಬಂತು ಎಂದು ಕೇಳಿದರೆ ಅವರಿಗೆ ಚಹಾ ಹೇಳಿ ಮಾತು ಮರೆಸುತ್ತಿದ್ದೆ.

ಕೊನೆಗೆ ಒಂದು ಭಾನುವಾರ, ಎಂಜಿನ್ನಿಗೆ ತುಕ್ಕು ಹಿಡಿದೀತೆಂಬ ನೆವ ಮಾಡಿಕೊಂಡು ಹೋದೆ. ಅವಳು ನನಗಿಂತ ಮೊದಲೇ ಸ್ಕೂಟರಿನಲ್ಲಿ ಹೋಗಿದ್ದಳು, ಗುರುಗಳ ಪಾಠಕ್ಕೆ ಎಂದುಕೊಂಡಿದ್ದೆ. ಗುರುಗಳು ಬಂದಿರಲಿಲ್ಲ. ಚಪ್ಪರದೊಳಗೆ ಅವಳು ನಮ್ಮ ವಿಮಾನದಲ್ಲಿ ಕೂತಿದ್ದಳು. ಕಣ್ಣು ಮುಚ್ಚಿಕೊಂಡು ಒಂದು ಕೈಯಲ್ಲಿ ವಿಮಾನ ಏರಿಸಿ ಇಳಿಸುವ ಕೋಲನ್ನು ಮೆಲ್ಲಗೆ ಹಿಂದೆ ಎಳೆಯುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಮನಸ್ಸಿನಲ್ಲೇ ಇಳಿಸುತ್ತಿದ್ದಳು. ನಾನು ಪಕ್ಕದಿಂದ ಒಳಗೆ ಬಗ್ಗಿ ನೋಡಿದೆ. ಅವಳ ಕಾಲು ಪೆಡಲನ್ನು ಮುಟ್ಟುತ್ತಿರಲಿಲ್ಲ. ಬೆರಳ ತುದಿ ಮುಟ್ಟಲೆಂದು ಸೀಟಿನಿಂದ ಅರ್ಧ ಜಾರಿ ಕೂತಿದ್ದಳು. ಎಲ್ಲ ನನ್ನ ಕಾಲಿನ ಅಳತೆಗೆ ಮಾಡಿದ್ದಲ್ಲವೇ?

ನನ್ನನ್ನು ಕಂಡು ಅವಳು ಇಳಿಯಲು ಹೊರಟಳು. ನಾನು ಕಿಸೆಯಿಂದ ಟೇಪು ತೆಗೆದೆ.

"ಕುಂದ್ರು," ಎಂದೆ.

"ಯಾಕ್ರಿ?"

"ಕಾಲಿಂದು ಅಳತಿ ತಗೋಬೇಕು."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸೀಟಿಗೆ ಒರಗಿ, ಕಾಲು ಚಾಚಿದಳು.

"ಆ ಹಿಗ್ಗಿದ ಪಟ್ಟಿ ತಂದಿಲ್ಲಲ್ಲ?" ಎಂದಳು.

ಪೆಡಲಿಗೆ ಜೋಡಿಸುವ ಎರಡು ಮರದ ಗಟ್ಟಿಗಳನ್ನು ಶೆಡ್ಡಿನಲ್ಲಿ ಕೆತ್ತಿದೆ. ತೇಗದವು. ಅವಳ ಪಾದದ ಅಗಲಕ್ಕೆ ಸರಿಯಾಗಿ, ಮಡ ಜಾರದ ಹಾಗೆ ಹಿಂದೆ ಒಂದು ಸಣ್ಣ ಏಣು ಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ದಿನ ಹಿಡಿದದ್ದಿಲ್ಲ. ಅವನ್ನು ಜೋಡಿಸಿದ ಮೇಲೆ ಆ ಸೀಟಿನಲ್ಲಿ ನಾನು ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಕೂತು ನೋಡಿದ್ದೇನೆ.

ರಿಪೇರಿಯಾದ ವಿಮಾನವನ್ನು ಮೊದಲು ಗುರುಗಳೇ ಮೇಲೆ ಒಯ್ದು ಪರೀಕ್ಷೆ ಮಾಡಿದರು. ಅವರೂ ಗಿಡ್ಡ ಮನುಷ್ಯ, ನನ್ನ ಗಟ್ಟಿಗಳು ಅವರಿಗೂ ಒದಗಿದವು. ಕೆಳಗಿಳಿದು, ಕೋಲು ತುಸು ಎಡಕ್ಕೆ ಎಳೆಯುತ್ತದೆ ಎಂದರು. ಅದನ್ನು ಸರಿ ಮಾಡಿದೆ. ಮತ್ತೆ ಹೋಗಿ ಬಂದು, ಆಯಿತು ಎಂದರು. ಅದು ಮದುವೆಗೆ ಮುಂಚೆ ಜಾತಕ ನೋಡಿದ ಹಾಗೆ. ಲೆಕ್ಕಕ್ಕೆ ಬರುವುದು ಆಮೇಲಿನದೇ.

ಚಳಿಗಾಲದ ಆ ಬೆಳಿಗ್ಗೆ ಗಾಳಿ ಒಂದಿಷ್ಟೂ ಇರಲಿಲ್ಲ. ಸುತ್ತಲ ಹೊಲಗಳಲ್ಲಿ ಕಡಲೆ ಹಸಿರಾಗಿ ನಿಂತಿತ್ತು. ಗುರುಗಳು ಪ್ರೊಪೆಲ್ಲರ್ ತಿರುವಿದರು, ಎಂಜಿನ್ ಹಿಡಿಯಿತು. ಅವಳು ತಲೆಗೆ ಸ್ಕಾರ್ಫ್ ಕಟ್ಟಿ, ಮೇಲೆ ಶಿರಸ್ತ್ರಾಣ, ಕಣ್ಣಿಗೆ ಕನ್ನಡಕ ಹಾಕಿ ಕೂತಿದ್ದಳು. ನಾನು ಹಿಂದೆ ಹೋಗಿ ಬಾಲ ಹಿಡಿದೆ. ಎಂಜಿನ್ ಬಿಸಿಯಾಗುತ್ತ ಬಂತು. ಧೂಳು ಮುಖಕ್ಕೆ ರಾಚುತ್ತಿತ್ತು. ಬಾಲ ನನ್ನ ಕೈಯಲ್ಲಿ ಜೀವ ಬಂದ ಹಾಗೆ ನಡುಗುತ್ತಿತ್ತು. ಅವಳು ರೇಸ್ ಏರಿಸಿದಳು. ವಿಮಾನ ಮುಂದಕ್ಕೆ ಜಗ್ಗಿತು, ನಾನು ಹಿಮ್ಮಡಿ ಊರಿ ಹಿಡಿದೆ.

ಅವಳ ಎಡಗೈ ಮೇಲೆದ್ದಿತು.

ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಲಾರೆ. ಕೈ ತೆಗೆಯಬೇಕು ಎನ್ನುವುದೂ ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ನನಗೆ ಭಯವಾಗಿತ್ತು. ಅವಳು ಬಿದ್ದಾಳೆಂಬ ಭಯ, ಅವಳು ಬೀಳದೆ ಚೆನ್ನಾಗಿ ಹಾರಿಸಿಯಾಳೆಂಬ ಭಯ, ಯಾವುದು ಎಷ್ಟು ಎಂದು ಅಳೆದು ಹೇಳುವ ಪಟ್ಟಿ ನನ್ನ ಹತ್ತಿರ ಇಲ್ಲ.

ಕೈ ಇನ್ನೂ ಮೇಲೆಯೇ ಇತ್ತು. ಅವಳು ಅದನ್ನು ಇಳಿಸಿ, ರೇಸ್ ತಗ್ಗಿಸಿ, ಸೀಟಿನಲ್ಲೇ ಹಿಂದಕ್ಕೆ ತಿರುಗಿದಳು. ಕನ್ನಡಕದ ಹಿಂದೆ ಕಣ್ಣು ಕಾಣಿಸಲಿಲ್ಲ. ಪ್ರೊಪೆಲ್ಲರಿನ ಗಾಳಿ ಅವಳ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು, ಅದಕ್ಕೆ ಈ ಸಲ ಮಾತು ಪೂರ್ತಿ ಕೇಳಿಸಿತು. ರನ್‌ವೇಯ ಮೇಲೆ ಆಡಬಾರದೆಂದು ಗುರುಗಳು ಕಾಯ್ದೆ ಮಾಡಿದ್ದ ಅದೇ ಮಾತು. ಆದರೆ ಕೂಗಿ ಹೇಳಲಿಲ್ಲ, ಮನೆಯಲ್ಲಿ ಹೇಳುವ ಹಾಗೆಯೇ ಹೇಳಿದಳು.

"ಬಿಡ್ರಿ."

ಬಿಟ್ಟೆ.

ಅವಳು ಮುಂದೆ ತಿರುಗಿದಳು, ಸದ್ದು ಏರಿತು. ವಿಮಾನ ಗರಸಿನ ಮೇಲೆ ಓಡಿತು, ಬಾಲ ಎದ್ದಿತು, ಚಕ್ರಗಳು ನೆಲ ಬಿಟ್ಟವು. ಕಡಲೆ ಹೊಲದ ಮೇಲೆ, ಬೇವಿನ ಮರದ ಮೇಲೆ, ಅಲ್ಲಿಂದ ಮೇಲೆ. ಕೆಳಗಿನಿಂದ ನೋಡಿದರೆ ರೆಕ್ಕೆಯ ಬಟ್ಟೆಯ ಹಿಂದಿನಿಂದ ಬಿಸಿಲು ಹಾಯ್ದು ಪಕ್ಕೆಲುಬುಗಳೆಲ್ಲ ಒಂದೊಂದಾಗಿ ಕಾಣಿಸುತ್ತಿದ್ದವು. ನಾನು ಕೊಯ್ದವು, ಉಜ್ಜಿದವು, ಎರಡನೆಯ ಸಲ ಸರಿಯಾಗಿ ಮಾಡಿದವು. ಅವಳ ತಲೆ ಸಣ್ಣ ಗುಂಡಿಯಷ್ಟು ಕಾಣುತ್ತಿತ್ತು. ಅವಳು ಒಂದು ದೊಡ್ಡ ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು. ಗುರುಗಳು ನನ್ನ ಪಕ್ಕಕ್ಕೆ ಬಂದು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಆಮೇಲೆ ಅವಳು ಇಳಿದಳು. ಚಕ್ರ ಮುಟ್ಟಿದಲ್ಲಿ ಒಂದಿಷ್ಟು ಧೂಳು ಎದ್ದಿತು, ಅಷ್ಟೆ.

ವಿಮಾನ ಚಪ್ಪರದ ಮುಂದೆ ನಿಂತಿತು. ಎಂಜಿನ್ ಆರಿದ ಮೇಲೆ ಅವಳು ಕೂಡಲೇ ಇಳಿಯಲಿಲ್ಲ. ಕನ್ನಡಕ ಮೇಲೆ ಸರಿಸಿ, ಗಾಳಿಗೆ ನೀರೊಡೆದ ಕಣ್ಣನ್ನು ಸ್ಕಾರ್ಫಿನಿಂದ ಒರೆಸಿಕೊಂಡಳು. ನಾನು ಹತ್ತಿರ ಹೋಗಿ ಹೇಗಿತ್ತು ಎಂದು ಕೇಳಿದೆ.

"ಛಲೋ ಕಟ್ಟೀರಿ," ಎಂದಳು.

ಕಟ್ಟಿದ ಇಷ್ಟೂ ವರ್ಷಗಳಲ್ಲಿ ಅವಳು ಅದನ್ನು ಹೇಳಿರಲಿಲ್ಲ. ಆಮೇಲೆ ಇಳಿಯಲು ನನ್ನ ಭುಜದ ಮೇಲೆ ಕೈಯಿಟ್ಟವಳು ಅಲ್ಲೇ ನಿಂತಳು.

"ಮ್ಯಾಲಿಂದ ನೋಡಿದ್ರ ನೀವು ಅಲ್ಲೇ ನಿಂತಿದ್ರಿ. ಎರಡೂ ಕೈ ಮುಂದ ಮಾಡಿ, ಬಾಲ ಹಿಡಕೊಂಡವ್ರಂಗ. ಎರಡು ಸುತ್ತು ಹಾಕಿದ್ನಿ, ಎರಡೂ ಸಲ ಹಂಗ ನಿಂತಿದ್ರಿ. ಖರೇನ ಬಿಟ್ಟಿದ್ರೇನು?"

"ಬಿಟ್ಟಿದ್ನಿ," ಎಂದೆ.

ಅವಳು ನನ್ನ ಕೈ ನೋಡಿದಳು. ನಾನೂ ನೋಡಿಕೊಂಡೆ. ಅಂಗೈಯಲ್ಲಿ ಬಾಲದ ಅಂಚಿನ ಗೆರೆ ಕೆಂಪಗೆ ಮೂಡಿತ್ತು, ಬೆರಳುಗಳು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ.